ಪಂಚಾಯಿತಿಯ ಪರವಾಗಿ ಮಸೂದೆ ಓದುವ ಕೆಲಸ



ನಿಮ್ಮ ಊರಿನ ಮೊಬೈಲ್ ಗೋಪುರದ ಮೇಲೆ ಪಂಚಾಯಿತಿ ತೆರಿಗೆ ಹಾಕಬಹುದೇ? ಗೋಪುರ ನಿಂತಿರುವುದು ಊರಿನ ಯಾರದೋ ಹಿತ್ತಲಲ್ಲಿ, ಇಲ್ಲವೇ ಹೊಲದ ಬದುವಿನಲ್ಲಿ. ಜಾಗದವರಿಗೆ ಕಂಪನಿಯಿಂದ ಬಾಡಿಗೆ ಬರುತ್ತದೆ. ಕಟ್ಟಡ ಅಂದಮೇಲೆ ತೆರಿಗೆ ಕಟ್ಟಿ ಎನ್ನುತ್ತದೆ ಪಂಚಾಯಿತಿ. ಇದು ಕಟ್ಟಡವಲ್ಲ, ಯಂತ್ರ ಎನ್ನುತ್ತದೆ ಕಂಪನಿ. ದೇಶದ ತುಂಬ ವರ್ಷಗಟ್ಟಲೆ ನಡೆದ ಈ ಜಗಳ ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅಹಮದಾಬಾದ್ ಮಹಾನಗರಪಾಲಿಕೆಯ ಮೊಕದ್ದಮೆಯಲ್ಲಿ 2016ರ ಡಿಸೆಂಬರಿನಲ್ಲಿ ತೀರ್ಪು ಬಂತು. ಸಂವಿಧಾನದ ರಾಜ್ಯ ಪಟ್ಟಿಯ 49ನೇ ನಮೂದು ಹೇಳುವ ಕಟ್ಟಡಗಳಲ್ಲಿ ಗೋಪುರವೂ ಸೇರುತ್ತದೆ, ಅದಕ್ಕೆ ತೆರಿಗೆ ಹಾಕಬಹುದು ಎಂದಿತು ನ್ಯಾಯಾಲಯ.

ಸ್ಥಳೀಯ ಸಂಸ್ಥೆಗಳು ಗೆದ್ದವು. ಆ ಗೆಲುವಿಗೆ ಏಳು ವರ್ಷ ಆಯುಸ್ಸು. 2023ರ ಡಿಸೆಂಬರ್ 18ರಂದು ಲೋಕಸಭೆಯಲ್ಲಿ ದೂರಸಂಪರ್ಕ ಮಸೂದೆ ಮಂಡನೆಯಾಯಿತು. 20ರಂದು ಅಲ್ಲಿ ಪಾಸು, 21ರಂದು ರಾಜ್ಯಸಭೆಯಲ್ಲಿ ಪಾಸು. ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ 140ಕ್ಕೂ ಹೆಚ್ಚು ಸದಸ್ಯರು ಅಮಾನತಾಗಿದ್ದರು, ಹಾಗಾಗಿ ಚರ್ಚೆ ಎಷ್ಟು ನಡೆದೀತೆಂದು ನೀವೇ ಊಹಿಸಿಕೊಳ್ಳಿ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದ ದೊಡ್ಡ ಕಾನೂನು ಅದು. ಪತ್ರಿಕೆಗಳು ತರಂಗಾಂತರದ ಬಗ್ಗೆ ಬರೆದವು, ದೂರವಾಣಿ ಕದ್ದಾಲಿಕೆಯ ಬಗ್ಗೆ ಬರೆದವು, ಸಿಮ್ ಕಾರ್ಡಿಗೆ ಕೊಡಬೇಕಾದ ಗುರುತಿನ ಬಗ್ಗೆ ಬರೆದವು. ಮಸೂದೆಯ ನಡುವಿನಲ್ಲಿ ಒಂದು ಪ್ರಕರಣ ಇತ್ತು. ಅದರ ಸಾರಾಂಶ ಇಷ್ಟು: ಯಾವುದೇ ಸ್ವತ್ತಿನ ಮೇಲೆ ಸ್ಥಾಪಿಸಿದ ದೂರಸಂಪರ್ಕ ಜಾಲವನ್ನು, ಆಸ್ತಿ ತೆರಿಗೆ, ಕರ, ಶುಲ್ಕಗಳ ಮಟ್ಟಿಗೂ, ಆ ಸ್ವತ್ತಿನ ಭಾಗವೆಂದು ಎಣಿಸುವಂತಿಲ್ಲ. 2024ರ ಜೂನ್ ತಿಂಗಳಲ್ಲಿ ಅದು ಜಾರಿಗೂ ಬಂತು.

ಪಂಚಾಯಿತಿ ಎಂಬ ಪದವೇ ತಲೆಬರಹದಲ್ಲಿ ಇಲ್ಲದ ಮಸೂದೆ ಪಂಚಾಯಿತಿಯ ತೆರಿಗೆ ಪುಸ್ತಕಕ್ಕೆ ಕೈ ಹಾಕುವುದು ಹೀಗೆ. ರಾಜ್ಯ ಪಟ್ಟಿಯ ತೆರಿಗೆಯನ್ನು ಸಂಸತ್ತು ಹೀಗೆ ಮೊಟಕು ಮಾಡಬಹುದೇ ಎಂದು ವಾದಿಸಲು ಖಂಡಿತ ಎಡೆಯಿದೆ. ಆದರೆ ವಾದ ಮಾಡಬೇಕಾದರೆ ಮೊದಲು ಯಾರಾದರೂ ಆ ಸಾಲನ್ನು ಓದಿರಬೇಕು. ನನ್ನ ವೃತ್ತಿ ಅದೇ. ಪಂಚಾಯಿತಿ ಸದಸ್ಯರ ಸಂಘಟನೆಯೊಂದರ ಪರವಾಗಿ ಮಸೂದೆಗಳನ್ನು ಓದುವುದು, ಅದರಿಂದ ಪಂಚಾಯಿತಿಗೆ ಏನಾಗುತ್ತದೆಂದು ಬರೆಯುವುದು, ಬರೆದದ್ದನ್ನು ಹಿಡಿದುಕೊಂಡು ಅಧಿಕಾರಿಗಳ, ಶಾಸಕರ, ಸಚಿವರ ಬಾಗಿಲಿಗೆ ಹೋಗುವುದು. ಕೊನೆಯ ಭಾಗಕ್ಕೆ ಲಾಬಿ ಎನ್ನುತ್ತಾರೆ. ನಮ್ಮಲ್ಲಿ ಲಾಬಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ಸಕ್ಕರೆ ಲಾಬಿ, ಮದ್ಯದ ಲಾಬಿ, ಗಣಿ ಲಾಬಿ ಎಂದು ಕೇಳಿ ಕೇಳಿ ಹಾಗಾಗಿದೆ. ಕುಡಿಯುವ ನೀರಿನ ಮೋಟಾರು ಸುಟ್ಟುಹೋದರೆ ಯಾರನ್ನೂ ಕೇಳದೆ ರಿಪೇರಿ ಮಾಡಿಸುವ ಅಧಿಕಾರ ಬೇಕು ಎಂದು ವಿಧಾನಸೌಧಕ್ಕೆ ಬರುವವರೂ ಲಾಬಿಯವರೇ ಎಂದು ಹೇಳಿದರೆ ಜನ ನಗುತ್ತಾರೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ಆರು ಸಾವಿರದ ಆಸುಪಾಸು ಇವೆ. ಸದಸ್ಯರು ತೊಂಬತ್ತು ಸಾವಿರಕ್ಕೂ ಹೆಚ್ಚು. ಇಷ್ಟು ದೊಡ್ಡ ಸಂಖ್ಯೆಯ ಚುನಾಯಿತರು ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ಆದರೆ ಇವರ ಅಧಿಕಾರದ ಬುಡ ವಿಧಾನಸಭೆಯ ಕೈಯಲ್ಲಿದೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ, ಭಾಷಣಗಳಲ್ಲಿ ಆ ಪಟ್ಟಿಯನ್ನು ಓದುವವರೂ ಇದ್ದಾರೆ. ಆದರೆ 243ಜಿ ವಿಧಿ ಆ ವಿಷಯಗಳನ್ನು ಪಂಚಾಯಿತಿಗಳ ಕೈಗೆ ನೇರವಾಗಿ ಇಡುವುದಿಲ್ಲ. ರಾಜ್ಯದ ಶಾಸಕಾಂಗ ಕಾನೂನು ಮಾಡಿ ಕೊಡಬಹುದು ಎನ್ನುತ್ತದೆ, ಅಷ್ಟೆ. ಕೊಡಬಹುದಾದ್ದನ್ನು ಕೊಡದೆಯೂ ಇರಬಹುದು, ಕೊಟ್ಟು ಹಿಂತೆಗೆದುಕೊಳ್ಳಲೂಬಹುದು. ನಮ್ಮ ರಾಜ್ಯ 1993ರ ಮೇ 10ರಿಂದಲೇ ಹೊಸ ಪಂಚಾಯಿತಿ ಕಾಯ್ದೆಯನ್ನು ಜಾರಿಗೆ ತಂದಿತು, ಅದರಲ್ಲಿ ನಾವು ಮುಂದೆ. ಅಂದಿನಿಂದ ಆ ಕಾಯ್ದೆಗೆ ಬಿದ್ದ ತೇಪೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದೇ ಒಂದು ಉದ್ಯೋಗವಾಗಿದೆ.

ತಿದ್ದುಪಡಿ ಮಸೂದೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತೆಳ್ಳಗಿರುತ್ತದೆ, ಎಷ್ಟೋ ಸಲ ನಾಲ್ಕೈದು ಹಾಳೆ. ಒಳಗೆ ಕಥೆಯೂ ಇಲ್ಲ, ವಾದವೂ ಇಲ್ಲ. ಮೂಲ ಅಧಿನಿಯಮದ ಇಂತಿಷ್ಟನೇ ಪ್ರಕರಣದ ಇಂತಿಷ್ಟನೇ ಉಪಪ್ರಕರಣದಲ್ಲಿ ಈ ಪದಗಳನ್ನು ಬಿಟ್ಟುಬಿಡತಕ್ಕದ್ದು, ಆ ಪದಗಳನ್ನು ಪ್ರತಿಯೋಜಿಸತಕ್ಕದ್ದು. ಇಷ್ಟೇ. ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇದನ್ನು ಓದಿದರೆ ತಲೆಬುಡ ತಿಳಿಯದು. ನಾನು ಮಸೂದೆಯನ್ನು ಹಿಂದಿನ ಪುಟದಿಂದ ಶುರು ಮಾಡುತ್ತೇನೆ. ಕೊನೆಯಲ್ಲಿ ಅನುಬಂಧವಿರುತ್ತದೆ, ತಿದ್ದುಪಡಿಯಾಗುವ ಹಳೆಯ ಪ್ರಕರಣಗಳನ್ನು ಅಲ್ಲಿ ಉದ್ಧರಿಸಿರುತ್ತಾರೆ. ಅದಕ್ಕೂ ಮುಂಚೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ. ಅದನ್ನು ಓದಿದರೆ ಎಲ್ಲ ಮಸೂದೆಗಳೂ ಒಳ್ಳೆಯವೇ ಅನಿಸುತ್ತದೆ. ನಾನು ಬೆರಳಿಡುವುದು ಆರ್ಥಿಕ ಜ್ಞಾಪನ ಪತ್ರದ ಮೇಲೆ ಮತ್ತು ನಿಯಮ ಮಾಡುವ ಅಧಿಕಾರ ಯಾರಿಗೆ ಹೋಗುತ್ತದೆಂದು ಹೇಳುವ ಜ್ಞಾಪನ ಪತ್ರದ ಮೇಲೆ. ಅಕ್ಕಿ ಆರಿಸುವವರಿಗೆ ಕಲ್ಲು ಸಾಮಾನ್ಯವಾಗಿ ಮೊರದ ಯಾವ ಮೂಲೆಗೆ ಸರಿಯುತ್ತದೆಂದು ಗೊತ್ತಿರುತ್ತದಲ್ಲ, ಹಾಗೆ. ಪಂಚಾಯಿತಿಯು ಇಂಥದ್ದನ್ನು ಮಾಡತಕ್ಕದ್ದು ಎಂದು ಮಸೂದೆಯಲ್ಲಿ ಧಾರಾಳವಾಗಿ ಬರೆದು, ಸರ್ಕಾರವು ನಿಯಮಿಸಬಹುದಾದ ರೀತಿಯಲ್ಲಿ ಎಂದು ಕೊನೆಗೆ ಸೇರಿಸಿದ್ದರೆ, ಮಾಡುವ ಕೆಲಸ ಪಂಚಾಯಿತಿಗೆ, ತೀರ್ಮಾನ ಬೆಂಗಳೂರಿಗೆ ಎಂದು ತಿಳಿಯಬೇಕು. ಆ ನಿಯಮ ಮುಂದೆ ರಾಜ್ಯಪತ್ರದಲ್ಲಿ ಬರುತ್ತದೆ. ರಾಜ್ಯಪತ್ರವನ್ನು ದಿನಾ ತೆರೆದು ನೋಡುವ ಪಂಚಾಯಿತಿ ಅಧ್ಯಕ್ಷರನ್ನು ನಾನಿನ್ನೂ ಕಂಡಿಲ್ಲ. ಅವರ ತಪ್ಪೇನೂ ಅಲ್ಲ. ಬೆಳಿಗ್ಗೆ ಎದ್ದರೆ ವಾಟರ್‌ಮ್ಯಾನ್ ಬಂದಿಲ್ಲವೆಂದು ಬಾಗಿಲಲ್ಲಿ ನಾಲ್ಕು ಜನ ನಿಂತಿರುತ್ತಾರೆ.

2021ರ ಒಂದು ತಿದ್ದುಪಡಿಯನ್ನು ಹೇಳುತ್ತೇನೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾವಣೆ ಅದಕ್ಕೆ ಹಿಂದೆ ನಡೆದದ್ದು 2016ರಲ್ಲಿ. ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 2006ರಲ್ಲಿ ಕಿಶನ್ ಸಿಂಗ್ ತೋಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನಗರ ಸಂಸ್ಥೆಗಳ ವಿಷಯದಲ್ಲಿ ಇದೇ ಮಾತನ್ನು ಖಡಾಖಂಡಿತವಾಗಿ ಹೇಳಿತ್ತು. ಕ್ಷೇತ್ರಗಳ ಗಡಿ ಗುರುತಿಸುವ ಕೆಲಸ ಆಗ ರಾಜ್ಯ ಚುನಾವಣಾ ಆಯೋಗದ್ದು. ಆಯೋಗ ಆ ಕೆಲಸ ಮಾಡಿಕೊಂಡು ಚುನಾವಣೆಯತ್ತ ಹೊರಟಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ ಅಧಿವೇಶನದಲ್ಲಿ ತಿದ್ದುಪಡಿ ಬಂತು. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು, ಸರ್ಕಾರ ನೇಮಿಸುವ ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು.

ನೋಡಲು ಏನೂ ದೋಷವಿಲ್ಲ. ಒಂದು ಆಯೋಗದ ಬದಲು ಇನ್ನೊಂದು ಆಯೋಗ. ಜಿಲ್ಲಾ ಪಂಚಾಯಿತಿ ರದ್ದು ಎಂದು ಯಾರೂ ಎಲ್ಲೂ ಬರೆಯಲಿಲ್ಲ. ಆದರೆ ಗಡಿ ಗೊತ್ತಾಗದೆ ಮೀಸಲಾತಿ ಇಲ್ಲ, ಮೀಸಲಾತಿ ಗೊತ್ತಾಗದೆ ಚುನಾವಣೆ ಇಲ್ಲ. ಗಡಿ ಯಾವಾಗ ಮುಗಿಯಬೇಕೆಂಬುದು ಸರ್ಕಾರದ ಕೈಗೆ ಬಂತು. ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದು ಕೂತರು, ವರ್ಷದ ಮೇಲೆ ವರ್ಷ ಹೋಯಿತು, ವಿಷಯ ಹೈಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ಈ ವಿಷಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಇದರಲ್ಲಿ ಪಕ್ಷ ಹುಡುಕುವವರಿಗೆ ನಾನು ಹೇಳುವುದಿಷ್ಟೆ: ಜಿಲ್ಲಾ ಪಂಚಾಯಿತಿ ಸದಸ್ಯರಿಲ್ಲದ ಜಿಲ್ಲೆಯಲ್ಲಿ ಶಾಸಕರ ಕೆಲಸ ಸಲೀಸು. ಆ ಸಲೀಸಿಗೆ ಬಾವುಟದ ಬಣ್ಣವಿಲ್ಲ.

ಇಲ್ಲಿಗೆ ನಮ್ಮ ವೃತ್ತಿಯ ಮುಖ್ಯ ತೊಡಕಿಗೆ ಬಂದೆವು. ಕಂಪನಿಯ ಪರವಾಗಿ ಲಾಬಿ ಮಾಡುವವರಿಗೆ ಶಾಸಕರು ಪ್ರತಿಸ್ಪರ್ಧಿಗಳಲ್ಲ. ನಮಗೆ ಹೌದು. ಗ್ರಾಮೀಣ ಕ್ಷೇತ್ರವೊಂದರ ಶಾಸಕರ ವ್ಯಾಪ್ತಿಯಲ್ಲಿ ಹತ್ತಾರು ಪಂಚಾಯಿತಿಗಳಿರುತ್ತವೆ. ವಸತಿ ಯೋಜನೆಯಲ್ಲಿ ಮನೆ ಯಾರಿಗೆ ಎಂಬುದು ಗ್ರಾಮಸಭೆಯ ಆಯ್ಕೆಯೋ ಶಾಸಕರ ಪಟ್ಟಿಯೋ? ಕಾಂಕ್ರೀಟ್ ರಸ್ತೆಗೆ ಗುದ್ದಲಿ ಪೂಜೆ ಮಾಡುವವರು ಯಾರು? ನಾವು ಕೇಳುವ ಪ್ರತಿಯೊಂದು ಅಧಿಕಾರವೂ ಈಗಾಗಲೇ ಯಾರದೋ ಕೈಯಲ್ಲಿದೆ, ಅವರೇ ಕೈ ಎತ್ತಿ ಅದನ್ನು ಬಿಟ್ಟುಕೊಡಬೇಕು. ಹಾಗಾಗಿ ಮೊಗಸಾಲೆಯಲ್ಲಿ ಶಾಸಕರನ್ನು ಕಂಡಾಗ ಅಧಿಕಾರ ವಿಕೇಂದ್ರೀಕರಣ ಎಂಬ ಮಾತನ್ನು ನಾನು ಎತ್ತುವುದಿಲ್ಲ. ಆ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನೂ ಮಾಡುವುದಿಲ್ಲ.

ಒಂದು ಪುಟ ಕೊಡುತ್ತೇನೆ. ಎರಡನೇ ಪುಟವನ್ನು ಯಾರೂ ತಿರುಗಿಸುವುದಿಲ್ಲ. ಮೇಲೆ ಮಸೂದೆಯ ಹೆಸರು, ಖಂಡದ ಸಂಖ್ಯೆ. ಕೆಳಗೆ ಈಗ ಏನಿದೆ ಎಂದು ಎರಡು ಸಾಲು, ಮುಂದೆ ಏನಾಗುತ್ತದೆ ಎಂದು ಎರಡು ಸಾಲು. ಆಮೇಲೆ ಅವರದೇ ಕ್ಷೇತ್ರದ ಎರಡು ಮೂರು ಪಂಚಾಯಿತಿಗಳ ಹೆಸರು, ಅಲ್ಲಿನ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕ. ತಮ್ಮ ಊರಿನ ಹೆಸರು ಕಂಡರೆ ಎಂಥವರೂ ಕಣ್ಣರಳಿಸಿ ನೋಡುತ್ತಾರೆ. ಕಡೆಯಲ್ಲಿ ತಿದ್ದುಪಡಿಯ ವಾಕ್ಯ, ಸದನಕ್ಕೆ ಸೂಚನೆ ಕೊಡಲು ಸಿದ್ಧವಾಗಿ, ಕಾನೂನಿನ ಕನ್ನಡದಲ್ಲೇ ಬರೆದದ್ದು. ಇದು ಬೇಡ ಎಂದಷ್ಟೇ ಹೇಳಿದರೆ ಅರ್ಧ ಕೆಲಸ. ಇದರ ಬದಲು ಇದು ಎಂದು ಬರೆದುಕೊಟ್ಟರೆ ಎದುರಿನವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ನಿಜ ಹೇಳಬೇಕೆಂದರೆ ಮಸೂದೆ ಸದನಕ್ಕೆ ಬರುವ ಹೊತ್ತಿಗೆ ಅದರ ಹಣೆಬರಹ ಬಹುಮಟ್ಟಿಗೆ ಮುಗಿದಿರುತ್ತದೆ. ಇಲಾಖೆಯಲ್ಲಿ ಕಡತ ಹುಟ್ಟುತ್ತದೆ, ಹಣಕಾಸು ಇಲಾಖೆ ನೋಡುತ್ತದೆ, ಶಾಸನ ರಚನೆಯವರು ಭಾಷೆ ಕಟ್ಟುತ್ತಾರೆ, ಸಂಪುಟ ಒಪ್ಪುತ್ತದೆ. ಆಮೇಲೆ ಅಲ್ಪವಿರಾಮ ಬದಲಿಸುವುದೂ ಪ್ರತಿಷ್ಠೆಯ ಪ್ರಶ್ನೆ. ವಿರೋಧ ಪಕ್ಷದವರು ಸದನದ ಬಾವಿಗಿಳಿದ ದಿನವಂತೂ ಗದ್ದಲದ ನಡುವೆ ಒಂದರ ಹಿಂದೆ ಒಂದು ಮಸೂದೆ ಧ್ವನಿಮತದಲ್ಲಿ ಹಾದುಹೋಗುತ್ತದೆ. ಹಾಗಾಗಿ ನನ್ನ ಚಪ್ಪಲಿ ಸವೆದಿರುವುದು ವಿಧಾನಸೌಧದ ಮೆಟ್ಟಿಲ ಮೇಲಲ್ಲ, ಇಲಾಖೆಗಳ ಕಚೇರಿಗಳಿರುವ ಬಹುಮಹಡಿ ಕಟ್ಟಡದ ಮೊಗಸಾಲೆಗಳಲ್ಲಿ. ಅಧೀನ ಕಾರ್ಯದರ್ಶಿಯ ಮೇಜಿನ ಮೇಲಿರುವಾಗ ಒಂದು ಪದ ಬದಲಿಸುವುದು ಸಂಜೆಯ ಚಹಾ ಹೊತ್ತಿನ ಮಾತು. ಅಲ್ಲಿ ವಿಷಯ ತಿಳಿದ, ಪಂಚಾಯಿತಿಯ ಬಗ್ಗೆ ಕಾಳಜಿಯಿರುವ ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ. ಮೈದಾನದಿಂದ ಅವರಿಗೆ ಬರುವ ಸುದ್ದಿಯೇ ಕಡಿಮೆ.

ಒಂದು ಉದಾಹರಣೆ. ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಎಂಬುದು ನಮ್ಮ ಕಾಯ್ದೆಯ ಅಳತೆ. ಮಲೆನಾಡು, ಕೊಡಗು, ಕರಾವಳಿಯ ಕೆಲವು ಜಿಲ್ಲೆಗಳಿಗೆ ಎರಡೂವರೆ ಸಾವಿರಕ್ಕೂ ಆಗಬಹುದೆಂಬ ರಿಯಾಯಿತಿ ಇದೆ. ಆ ರಿಯಾಯಿತಿ ಏಕೆಂದು ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕು. ಉತ್ತರ ಕನ್ನಡದ ಘಟ್ಟದ ಮೇಲಿನ ಅಧ್ಯಕ್ಷೆಯೊಬ್ಬರು ನನ್ನೆದುರು ಕೂತು ಕಾಗದದ ಮೇಲೆ ಪೆನ್ಸಿಲಿನಲ್ಲಿ ತಮ್ಮ ಪಂಚಾಯಿತಿಯ ಚಿತ್ರ ಬರೆದರು. ಇಲ್ಲೊಂದು ಮನೆ, ತೋಟ, ಹಳ್ಳ, ಅರಣ್ಯ, ಆಚೆ ಮೂರು ಮನೆ, ಮತ್ತೆ ಹಳ್ಳ. ಮಳೆಗಾಲದಲ್ಲಿ ಗ್ರಾಮಸಭೆ ಕರೆದರೆ ಅರ್ಧ ಊರು ಹಳ್ಳದ ಆಚೆ ಉಳಿಯುತ್ತದೆ ಎಂದರು. ಗ್ರಾಮಸಭೆಗೆ ಕೋರಂ ಬೇಕು, ದಿನಾಂಕ ಮಾತ್ರ ಬೆಂಗಳೂರಿನ ಸುತ್ತೋಲೆಯಲ್ಲಿ ಬರುತ್ತದೆ. ಆ ಪೆನ್ಸಿಲ್ ಚಿತ್ರವನ್ನು ನಕಲು ಮಾಡಿಸಿ ನಾನು ಟಿಪ್ಪಣಿಗೆ ಲಗತ್ತಿಸಿದೆ. ನನ್ನ ಉದ್ದದ ವಾಕ್ಯಗಳನ್ನು ಓದದವರು ಅದನ್ನು ನೋಡಿದರು.

ಹಣದ ವಿಷಯವನ್ನು ಸ್ವಲ್ಪದರಲ್ಲಿ ಮುಗಿಸುತ್ತೇನೆ, ಅದಕ್ಕೇ ಬೇರೆ ಭಾಷಣ ಬೇಕು. ಅಧಿಕಾರ ಕಿತ್ತುಕೊಳ್ಳಲು ಕಾನೂನೇ ಬೇಕೆಂದಿಲ್ಲ, ಅನುದಾನದ ಷರತ್ತು ಸಾಕು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, 40 ಭಾಗ ಮಾತ್ರ ಪಂಚಾಯಿತಿಯ ಇಷ್ಟಕ್ಕಿತ್ತು. ನೀರು ಬೇಡವೆಂದು ಯಾರು ಹೇಳುತ್ತಾರೆ? ಆದರೆ ನೀರಿನ ಕೆಲಸ ಮುಗಿಸಿಕೊಂಡು ಕುಳಿತ ಪಂಚಾಯಿತಿಯೂ ಆ ಹಣವನ್ನು ಅಂಗನವಾಡಿಯ ಸೂರಿಗೆ ಹಾಕುವಂತಿರಲಿಲ್ಲ. ಜಿಎಸ್‌ಟಿ ಬಂದಾಗ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಪಂಚಾಯಿತಿ, ನಗರಸಭೆಗಳೇ ವಿಧಿಸುವ ಮನರಂಜನಾ ತೆರಿಗೆಯನ್ನು ಸಂವಿಧಾನದ 101ನೇ ತಿದ್ದುಪಡಿ ಹಾಗೇ ಉಳಿಸಿತು. ಆದರೆ ದೇಶದ ತೆರಿಗೆ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರಕ್ಕೆ ಕುರ್ಚಿ ಇದೆ, ರಾಜ್ಯಗಳಿಗೆ ಇದೆ, ಮೂರನೆಯವರಿಗೆ ಇಲ್ಲ. ಇನ್ನು ಪಂಚಾಯಿತಿ ನಿಮ್ಮ ಮನೆ ತೆರಿಗೆಯ ಜೊತೆಗೆ ವಸೂಲು ಮಾಡುವ ಗ್ರಂಥಾಲಯ ಕರ, ಭಿಕ್ಷುಕರ ಕರ ಅದರ ಪೆಟ್ಟಿಗೆಯಲ್ಲಿ ಉಳಿಯುವುದಲ್ಲ. ರಸೀದಿ ಹರಿಯುವ ಕೈ, ಬೈಗುಳ ತಿನ್ನುವ ಬಾಯಿ ಮಾತ್ರ ನಮ್ಮ ಕರ ವಸೂಲಿಗಾರರದು.

ಹಿಂದೆ ಪಂಚಾಯಿತಿಗಳಿಗೆ ಲಾಬಿಯವರು ಬೇಕಾಗಿರಲಿಲ್ಲವೇ? ಸ್ವಲ್ಪ ಕಾಲ ಬೇಕಾಗಿರಲಿಲ್ಲ, ಏಕೆಂದರೆ ಆ ಲಾಬಿಯವರು ಸಂಪುಟದೊಳಗೇ ಇದ್ದರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದರು. ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಅವರ ಪಂಚಾಯತ್ ರಾಜ್ ಮಸೂದೆ 1983ರಲ್ಲಿ ಅಂಗೀಕಾರವಾಯಿತು, ರಾಷ್ಟ್ರಪತಿಗಳ ಅಂಕಿತ ಬಂದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ದೇಶದ ಕಾನೂನು ಮಹಿಳಾ ಮೀಸಲಾತಿ ಎನ್ನುವುದಕ್ಕೆ ವರ್ಷಗಳ ಮುಂಚೆಯೇ ಅಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನ ಇತ್ತು. ಇಂದಿನ ಜಿಲ್ಲಾ ಪಂಚಾಯಿತಿಯ ಜಾಗದಲ್ಲಿದ್ದ ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಈ ಒಂದು ಏರ್ಪಾಟು ಎಷ್ಟು ಜನರ ನಿದ್ದೆ ಕೆಡಿಸಿರಬಹುದು ಯೋಚಿಸಿ. 1988ರಲ್ಲಿ ಸಾಬರು ತೀರಿಕೊಂಡರು. ಮುಂದೆ ಆ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಒಳಗೊಬ್ಬರು ಕಾವಲಿದ್ದಾಗ ನಡೆದದ್ದು ಅವರಿಲ್ಲದಾಗ ನಡೆಯಲಿಲ್ಲ.

ಹಾಗೆ ನೋಡಿದರೆ ಒಳಗೆ ಈಗಲೂ ಇಪ್ಪತ್ತೈದು ಜನ ಇರಬೇಕು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ್ದು. ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರೇ. ಚುನಾವಣೆ ಬಂದಾಗ ಆ ಮತಕ್ಕೆ ಏನೇನು ಬೆಲೆ ಕಟ್ಟುತ್ತಾರೆಂದು ಊರಿನಲ್ಲಿ ಕೇಳಿ ನೋಡಿ, ರೇಡಿಯೋದಲ್ಲಿ ಹೇಳುವಂಥದ್ದಲ್ಲ. ಆ 25 ಜನರಲ್ಲಿ ಪಂಚಾಯಿತಿ ವಿಷಯಕ್ಕೆ ಎದ್ದು ನಿಲ್ಲುವವರು ಇಲ್ಲವೆಂದಲ್ಲ, ಇದ್ದಾರೆ, ನನ್ನ ಒಂದು ಪುಟದ ಟಿಪ್ಪಣಿಗೆ ಎರಡನೇ ಪುಟ ಕೇಳಿದವರೂ ಅವರಲ್ಲಿದ್ದಾರೆ. ಆದರೆ ಪಕ್ಷದ ವಿಪ್ ಬಂದರೆ ಅವರೂ ಪಕ್ಷದವರೇ.

ಈ ಕೆಲಸ ಬೇರೆಡೆ ಹೇಗೆ ನಡೆಯುತ್ತದೆಂದು ಹೇಳಲು ಗೋಪುರದ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 480ಕ್ಕೂ ಹೆಚ್ಚು ನಗರಗಳಿವೆ. ಅವುಗಳ ಒಕ್ಕೂಟ 1898ರಲ್ಲೇ ಹುಟ್ಟಿದ್ದು. ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಅದಕ್ಕೆ ಸ್ವಂತ ವಿಶ್ಲೇಷಕರು, ಸ್ವಂತ ಲಾಬಿಯವರು. ಅಧಿವೇಶನದಲ್ಲಿ ಮಂಡನೆಯಾಗುವ ಮಸೂದೆಗಳನ್ನು ಓದಿ ಒಪ್ಪಿಗೆ, ತಿದ್ದಿದರೆ ಒಪ್ಪಿಗೆ, ವಿರೋಧ, ಸದ್ಯಕ್ಕೆ ಕಣ್ಣಿಡೋಣ ಎಂದು ಗುರುತು ಹಾಕುವುದು ಅವರ ನಿತ್ಯದ ಕೆಲಸ. ಲಾಬಿ ಮಾಡುವವರು ಅಲ್ಲಿ ಹೆಸರು ನೋಂದಾಯಿಸಬೇಕು, ಖರ್ಚಿನ ಲೆಕ್ಕ ಕೊಡಬೇಕು. ಶಾಸಕರೊಬ್ಬರಿಗೆ ತಿಂಗಳಿಗೆ ಹತ್ತು ಡಾಲರಿಗಿಂತ ಹೆಚ್ಚಿನ ಉಡುಗೊರೆ ಕೊಡುವಂತಿಲ್ಲ, ಅಂದರೆ ನೆಟ್ಟಗೆ ಒಂದು ಊಟ ಕೊಡಿಸುವುದೂ ಕಷ್ಟ. 1974ರ ಕಾನೂನು ಅದು. ನಮ್ಮಲ್ಲಿ ಲಾಬಿಗೆ ಇಂಥ ಯಾವ ಕಾನೂನೂ ಇಲ್ಲ, ಹಾಗಾಗಿ ಪಂಚಾಯಿತಿಯವರ ಅರ್ಜಿಯೂ ಕಂಪನಿಯವರ ಸೂಟ್‌ಕೇಸೂ ಒಂದೇ ಹೆಸರಿನಲ್ಲಿ ತಿರುಗುತ್ತವೆ.

2017ರಲ್ಲಿ ಅಲ್ಲಿನ ಸೆನೆಟ್‌ನಲ್ಲಿ 649 ಎಂಬ ಸಂಖ್ಯೆಯ ಮಸೂದೆ ಬಂತು. ಬೀದಿ ದೀಪದ ಕಂಬಗಳಿಗೆ ಕಂಪನಿಗಳು ಸಣ್ಣ ಮೊಬೈಲ್ ಪೆಟ್ಟಿಗೆಗಳನ್ನು ಕೂರಿಸಿದರೆ ನಗರಸಭೆ ವರ್ಷಕ್ಕೆ 250 ಡಾಲರಿಗಿಂತ ಹೆಚ್ಚು ಬಾಡಿಗೆ ಕೇಳಬಾರದು, ಎಲ್ಲಿ ಹಾಕಬೇಕೆಂಬುದರಲ್ಲೂ ಹೆಚ್ಚು ತಕರಾರು ಮಾಡಬಾರದು ಎಂಬುದು ಅದರ ತಿರುಳು. ಸುಮಾರು ಮುನ್ನೂರು ನಗರಗಳು ಒಟ್ಟಾಗಿ ವಿರೋಧಿಸಿದವು. ನಗರಗಳು ತಮ್ಮ ಶಾಸಕರಿಗೆ ಪತ್ರ ಬರೆದವು. ಆದರೂ ಎರಡೂ ಸದನಗಳಲ್ಲಿ ಮಸೂದೆ ಪಾಸಾಯಿತು. ನಗರಗಳು ಗವರ್ನರ್ ಕಡೆ ತಿರುಗಿದವು. ಅಲ್ಲಿನ ಗವರ್ನರ್ ಚುನಾಯಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆಗ ಜೆರಿ ಬ್ರೌನ್ ಇದ್ದರು, ಅವರು ಹಿಂದೆ ಓಕ್ಲೆಂಡ್ ನಗರದ ಮೇಯರ್ ಆಗಿದ್ದವರು. ಅಕ್ಟೋಬರಿನಲ್ಲಿ ಅವರು ಮಸೂದೆಯನ್ನು ವೀಟೊ ಮಾಡಿದರು. ಸ್ಥಳೀಯರ ಹಿಡಿತ ಇಷ್ಟೊಂದು ತಪ್ಪಬಾರದು ಎಂಬುದು ಅವರ ಕಾರಣ. ಮೇಯರ್ ಕುರ್ಚಿಯಲ್ಲಿ ಕೂತು ಎದ್ದವರಿಗೆ ಈ ಮಾತು ಬೇಗ ಹೊಳೆಯುತ್ತದೆ ಎಂದು ನನ್ನ ಅನುಮಾನ.

ಕಥೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮರುವರ್ಷ, 2018ರ ಸೆಪ್ಟೆಂಬರಿನಲ್ಲಿ, ವಾಷಿಂಗ್ಟನ್ನಿನ ಕೇಂದ್ರ ಸಂಪರ್ಕ ಆಯೋಗ ಇಡೀ ದೇಶಕ್ಕೆ ಅನ್ವಯಿಸುವ ಆದೇಶ ಹೊರಡಿಸಿತು: ಒಂದು ಪೆಟ್ಟಿಗೆಗೆ ವರ್ಷಕ್ಕೆ 270 ಡಾಲರ್ ಇದ್ದರೆ ನ್ಯಾಯವಾದ ಶುಲ್ಕ ಎಂದು ಎಣಿಸಬಹುದು. ಸ್ಯಾಕ್ರಮೆಂಟೊದ ವೀಟೊದಿಂದ ಉಳಿದದ್ದು ಇಪ್ಪತ್ತೇ ಡಾಲರ್. ನಗರಗಳು ಕೋರ್ಟಿಗೆ ಹೋದವು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಶುಲ್ಕದ ಭಾಗವನ್ನು ಎತ್ತಿಹಿಡಿಯಿತು. ನಮ್ಮ ಗೋಪುರಕ್ಕೆ ದೆಹಲಿಯಲ್ಲಿ ಆದದ್ದನ್ನು ನೆನೆದರೆ, ಕಂಪನಿಗಳು ರಾಜ್ಯದಲ್ಲಿ ಸೋತರೆ ಕೇಂದ್ರಕ್ಕೆ, ಸದನದಲ್ಲಿ ಸೋತರೆ ಆಯೋಗಕ್ಕೆ ಹೋಗುವಷ್ಟು ಶಕ್ತಿ ಇಟ್ಟುಕೊಂಡಿರುತ್ತವೆ ಎಂದು ತಿಳಿಯುತ್ತದೆ. ನಮ್ಮ ದೂರಸಂಪರ್ಕ ಮಸೂದೆಯ ಮೊದಲ ಕರಡು 2022ರ ಸೆಪ್ಟೆಂಬರಿನಲ್ಲೇ ಅಭಿಪ್ರಾಯಕ್ಕೆ ಬಂದಿತ್ತು. ಪಂಚಾಯಿತಿಗಳ ಪರವಾಗಿ ದೆಹಲಿಯಲ್ಲಿ ಯಾರಾದರೂ ಪಾಳಿ ಹಾಕಿಕೊಂಡು ಕೂರಬೇಕಾದದ್ದು ಆ ದಿನದಿಂದ, ಡಿಸೆಂಬರಿನ ಆ ಮೂರು ದಿನಗಳಿಗೆ ಕಾಯುವುದರಿಂದ ಏನೂ ಸಾಗುತ್ತಿರಲಿಲ್ಲ.

ಅಮೆರಿಕದಲ್ಲೂ ಎಲ್ಲರೂ ಇಂಥ ಲಾಬಿಯನ್ನು ಮೆಚ್ಚುವುದಿಲ್ಲ. ಜನರ ತೆರಿಗೆ ಹಣದಲ್ಲಿ ಒಂದು ಸರ್ಕಾರ ಇನ್ನೊಂದು ಸರ್ಕಾರದ ಹತ್ತಿರ ಲಾಬಿ ಮಾಡುವುದೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇನ್ನೂ ಒಂದು ಕಷ್ಟ ಇದೆ: ಪಂಚಾಯಿತಿಗೆ ಒಳ್ಳೆಯದು ಬೇರೆ, ಪಂಚಾಯಿತಿ ಸದಸ್ಯರಿಗೆ ಒಳ್ಳೆಯದು ಬೇರೆ. ಗೌರವಧನ ಹೆಚ್ಚಿಸಿ ಎಂದು ಕರೆ ಕೊಟ್ಟರೆ ಬೆಂಗಳೂರಿನ ಫ್ರೀಡಂ ಪಾರ್ಕ್ ತುಂಬುತ್ತದೆ. ಇಂಥ ಉಪಪ್ರಕರಣದಿಂದ ನಿಮ್ಮ ಕ್ರಿಯಾಯೋಜನೆಗೆ ಮೇಲಿನವರ ಅನುಮೋದನೆ ಬೇಕಾಗುತ್ತದೆ ಎಂದರೆ ಎರಡು ಬೆಂಚು ತುಂಬುವುದಿಲ್ಲ. ಸರ್ಕಾರಕ್ಕೂ ಇದು ಗೊತ್ತು. ಗೌರವಧನ ಒಂದಿಷ್ಟು ಏರಿಸಿದರೆ ಹೋರಾಟ ಮುಗಿಯಿತು, ಹಾರ ತುರಾಯಿ, ಫೋಟೊ, ಉಪಪ್ರಕರಣ ಅಲ್ಲೇ ಉಳಿಯಿತು. ಗೌರವಧನ ಬೇಡವೆನ್ನುತ್ತಿಲ್ಲ, ಕೂಲಿ ಬಿಟ್ಟು ಸಭೆಗೆ ಬರುವ ಸದಸ್ಯೆಗೆ ಅದು ಬೇಕೇ ಬೇಕು. ಆದರೆ ಸಾಮಾಜಿಕ ಪರಿಶೋಧನೆಯಿಂದ ನಮಗೆ ಕಿರುಕುಳ, ಅದನ್ನು ಸಡಿಲಿಸಲು ಟಿಪ್ಪಣಿ ಬರೆದುಕೊಡಿ ಎಂದು ನಮ್ಮವರೇ ಕೆಲವರು ಬಂದಾಗ ನಾನು ಬರೆಯಲಿಲ್ಲ. ಊರಿನವರು ಲೆಕ್ಕ ಕೇಳುವುದನ್ನು ತಪ್ಪಿಸಿಕೊಂಡ ಪಂಚಾಯಿತಿಯ ಪರವಾಗಿ ಸದನದಲ್ಲಿ ಅಧಿಕಾರ ಕೇಳಲು ನನಗೆ ಬಾಯಿ ಬರುವುದಿಲ್ಲ. ಸಭೆಯಲ್ಲಿ ಕಾವೇರಿದ ಮಾತುಗಳಾದವು.

ನೆರೆಯ ಕೇರಳದಲ್ಲಿ ಗ್ರಾಮ ಪಂಚಾಯಿತಿಗಳ ಸಂಘಕ್ಕೆ ಸರ್ಕಾರದ ಮಾತುಕತೆಯ ಮೇಜಿನಲ್ಲಿ ಒಂದು ಜಾಗ ಇದೆ. 1996ರ ಜನಯೋಜನೆಯಲ್ಲಿ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದಂಶಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟ ರಾಜ್ಯ ಅದು. ಹಣ ಹೋದಲ್ಲಿ ಮಾತಿಗೆ ತೂಕ ಬಂತು. ನಮ್ಮಲ್ಲೂ 2014ರಲ್ಲಿ ಕೆ.ಆರ್. ರಮೇಶ್ ಕುಮಾರ್ ಅಧ್ಯಕ್ಷತೆಯ ಸಮಿತಿ ಕಾಯ್ದೆಯನ್ನು ಆಮೂಲಾಗ್ರ ಪರಿಶೀಲಿಸಿತು. ಮರುವರ್ಷದ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರಿಗೇ ಗ್ರಾಮ ಸ್ವರಾಜ್ ಎಂಬ ಮಾತು ಸೇರಿತು. ಹೆಸರು ದೊಡ್ಡದಾಯಿತು. ಅದೇ ಕಾಯ್ದೆಗೆ ಆರು ವರ್ಷದ ಮೇಲೆ ಬಂದ ತಿದ್ದುಪಡಿ ಏನು ಮಾಡಿತೆಂದು ಆಗಲೇ ಹೇಳಿದೆ.

ಇಷ್ಟೆಲ್ಲ ಓದುವವರಿಗೆ ಸಂಬಳ ಯಾರು ಕೊಡಬೇಕು? ಸಂಘಟನೆಗೆ ಪಂಚಾಯಿತಿಗಳಿಂದ ವರ್ಷಕ್ಕೆ ಇಷ್ಟೆಂದು ವಂತಿಗೆ ಬಂದರೆ ಒಂದು ಸಣ್ಣ ಕಚೇರಿ, ಇಬ್ಬರು ಮೂವರು ವಿಶ್ಲೇಷಕರು ನಡೆದಾರು. ಆರು ಸಾವಿರ ಪಂಚಾಯಿತಿಗಳಿಗೆ ಹಂಚಿದರೆ ಒಂದೊಂದಕ್ಕೆ ಬೀದಿ ದೀಪದ ಬಲ್ಬಿನಷ್ಟೂ ಖರ್ಚು ಬೀಳದು. ಆದರೆ ವಂತಿಗೆ ಕೊಟ್ಟ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲೆಕ್ಕಪರಿಶೋಧನೆಯವರು ಕೇಳುವ ಮೊದಲ ಪ್ರಶ್ನೆ, ಯಾವ ಪ್ರಕರಣದಡಿ ಕೊಟ್ಟಿರಿ? ಆಕ್ಷೇಪಣೆ ಬರೆದರೆ ಅದು ಅವರ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಯಾರಿಗೆ ಬೇಕು ಈ ಉಸಾಬರಿ ಎಂದು ಅವರು ಕೈ ಬಿಡುತ್ತಾರೆ, ಅವರನ್ನು ದೂರುವ ಹಾಗಿಲ್ಲ. ಅದಕ್ಕಾಗಿ ನಾವೇ ಒಂದು ತಿದ್ದುಪಡಿ ಬರೆದಿದ್ದೇವೆ. ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಿಂದ ಪಂಚಾಯಿತಿಗಳ ಒಕ್ಕೂಟಕ್ಕೆ ವಾರ್ಷಿಕ ವಂತಿಗೆ ನೀಡಬಹುದು, ಒಕ್ಕೂಟವು ಅದರ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸತಕ್ಕದ್ದು. ಇಷ್ಟೇ ಎರಡು ಸಾಲು. ಸರ್ಕಾರವು ನಿಯಮಿಸಬಹುದಾದ ರೀತಿಯಲ್ಲಿ ಎಂಬ ಬಾಲವನ್ನು ಬೇಕೆಂದೇ ಬಿಟ್ಟಿದ್ದೇವೆ. ಕರಡನ್ನು ಇಲಾಖೆಗೆ ಸಲ್ಲಿಸಿ ಸ್ವೀಕೃತಿ ಪಡೆದಿದ್ದೇವೆ. ಮುಂದಿನ ತಿದ್ದುಪಡಿ ಮಸೂದೆಯ ಕಡತ ಮೇಲೆದ್ದ ದಿನ ಇದನ್ನೂ ಅದಕ್ಕೆ ಸೇರಿಸಿಕೊಳ್ಳಿ ಎಂದು ಹೇಳಲು ಬಹುಮಹಡಿ ಕಟ್ಟಡಕ್ಕೆ ಹೋಗುತ್ತೇನೆ, ಬಹುಶಃ ಎರಡು ಮೂರು ಸಲ.